ಈರಭದ್ರ ಕೊಟ್ಟ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿ ಹೋದರು. ಎರಡು ಮನೆಗಳಲ್ಲಿ ಒಂದನ್ನು ಆರಿಸಿ ನೋಡು ಎಂದು ಯಾರೂ ಹೇಳಲಿಲ್ಲ. ಪಾಪ, ಅವರಿಗೆ ಆ ಪ್ರಸಂಗವೇ ಬಂದಿರಲಿಕ್ಕಿಲ್ಲ. ಸಿಂದಗಿ ಡಿಪೋದ ಬಸ್ ಡ್ರೈವರ್ ಬಸಂತರಾಯನಿಗೆ ಬಂತು. ಹುಟ್ಟಿದಾಗಿನಿಂದ ಬಾಡಿಗೆ ಖೋಲಿಗಳಲ್ಲೇ ಬೆಳೆದು, ಬಾಡಿಗೆ ಖೋಲಿಯಲ್ಲೇ ಮದುವೆಯಾಗಿ, ತಲೆಯಲ್ಲಿ ಬಿಳಿ ಕೂದಲು ಇಣುಕಿದ ಮೇಲೆ ಸ್ವಂತ ಸೂರು ಮಾಡಿಕೊಳ್ಳುವ ಯೋಗ ಕೂಡಿಬಂದಾಗ, ಅವನ ಎದುರಿಗೆ ಒಂದರ ಬದಲು ಎರಡು ಮನೆಗಳು ಬಂದು ನಿಂತವು.

ಒಂದು ಸೈದಾಬಿಯ ಮನೆ. ಬಳೆ ವ್ಯಾಪಾರದ ಸೈದಾಬಿ ಮುಪ್ಪಿನ ಕಾಲಕ್ಕೆ ಇಂಡಿಯಲ್ಲಿದ್ದ ಮಗಳ ಹತ್ತಿರ ಹೋಗಿ ಇರುವುದೆಂದು ನಿಶ್ಚಯಿಸಿ, ಊರೊಳಗಿನ ತನ್ನ ಮನೆಯನ್ನು ಕೊಡಲು ತಯಾರಾಗಿದ್ದಳು. ಹಳೆಯ ಕಲ್ಲಿನ ಮನೆ. ಎರಡೂ ಮಗ್ಗುಲ ಗೋಡೆಗಳು ನೆರೆಯವರೊಂದಿಗೆ ಕೂಡಿದ್ದು, ಇದ್ದ ಒಂದೇ ಕಿಟಕಿ ಓಣಿಗೆ ತೆರೆಯುತ್ತಿತ್ತು. ನಡು ಮಧ್ಯಾಹ್ನ ಜೋಳ ಆರಿಸಬೇಕೆಂದರೂ ದೀಪ ಹಚ್ಚಬೇಕು. ಆದರೆ ಆ ಕಿಟಕಿಯಲ್ಲಿ ನಿಂತು ನೋಡಿದರೆ ಹೆಣ್ಣುಮಕ್ಕಳ ಶಾಲೆಯ ಗೇಟು ಕಾಣುತ್ತಿತ್ತು. ಬಸಂತರಾಯನ ಒಬ್ಬಳೇ ಮಗಳು ದಾನೇಶ್ವರಿ ಅದೇ ಶಾಲೆಯಲ್ಲಿ ಆರನೇ ಇಯತ್ತೆ ಓದುತ್ತಿದ್ದಳು. ಅಲ್ಲಿ ಹತ್ತರವರೆಗೂ ಇತ್ತು. ಓದಿನಲ್ಲಿ ಹುಡುಗಿ ಚುರುಕು. ಹೆಂಡತಿ ಲಕ್ಕವ್ವನಿಗಂತೂ ಈ ಮನೆಯ ಮೇಲೇ ಕಣ್ಣು.

ಇನ್ನೊಂದು, ಆಗಿನ್ನೂ ಮನೆಯಲ್ಲ, ಬರಿಯ ಪ್ಲಾಟು. ಆಲಮೇಲದ ದಾರಿಯಲ್ಲಿ ಊರು ದಾಟಿ, ಕಬ್ಬಿನ ಹೊಲಗಳ ನಡುವೆ, ಎರಡು ವರ್ಷದ ಹಿಂದೆ ಜೋಳ ಬೆಳೆಯುತ್ತಿದ್ದ ಎರೆಭೂಮಿಗೆ ಕಮಾನು ನಿಲ್ಲಿಸಿ 'ಸಿರಿಸಂಪದ ನಗರ' ಎಂದು ಹೆಸರಿಟ್ಟಿದ್ದರು. ನಗರದಲ್ಲಿ ಆಗ ಇದ್ದದ್ದು ಕಮಾನು, ಕಲ್ಲುಗೂಟಗಳು ಮತ್ತು ಪ್ಲಾಟ್ ತೋರಿಸುವ ಸಿದ್ದಲಿಂಗ. ಕಮಾನಿನ ಪಕ್ಕಕ್ಕೆ ಆಳೆತ್ತರದ ಒಂದು ಫ್ಲೆಕ್ಸು. ಅದರಲ್ಲಿ ಉದ್ಯಾನಕ್ಕೆ ಹಸಿರು, ಗುಡಿಗೆ ಕೇಸರಿ, ಶಾಲೆಗೆ ಹಳದಿ ಬಣ್ಣ ಹಚ್ಚಿ ಜಾಗ ಗುರುತಿಸಿದ್ದರು.

"ಇಲ್ಲಿ ನೋಡ್ರಿ ಅಣ್ಣಾರ," ಎಂದ ಸಿದ್ದಲಿಂಗ, ಹಳದಿಯ ಮೇಲೆ ಅಂಗೈ ಇಟ್ಟು. "ಈ ಜಾಗಾ ಪೂರಾ ಸಾಲಿಗೇ ಬಿಟ್ಟೇವಿ. ಇಂಗ್ಲಿಷ್ ಮೀಡಿಯಂ, ಹತ್ತನೇದತನಕ. ನಿಮ್ಮ ಪ್ಲಾಟ್ ಇಲ್ಲಿ, ಸಾಲಿ ಇಲ್ಲಿ, ನಡಕ ಬರೇ ಒಂದ ರಸ್ತಾ. ನಿಮ್ಮ ಹುಡುಗಿ ಅಡಗಿಮನ್ಯಾಗ ಊಟಾ ಮಾಡ್ಕೋತ ಸಾಲಿ ಗಂಟಿ ಕೇಳಬಹುದು."

"ಸಾಲಿ ಯಾವಾಗ ಚಾಲೂ ಆಗ್ತೈತಿ?"

"ಬರೋ ಜೂನಕ್ಕ ಅಂತ ತಿಳೀರಿ."

ಬರುವ ಜೂನು ಯಾವ ವರ್ಷದ್ದು ಎಂದು ಬಸಂತರಾಯ ಕೇಳಲಿಲ್ಲ. ಅವನ ಲಕ್ಷ್ಯವೆಲ್ಲ ಬಯಲಿನ ಮೇಲಿತ್ತು. ನಾಲ್ಕೂ ದಿಕ್ಕಿಗೆ ಗೋಡೆ ತನ್ನದೇ, ನಾಲ್ಕೂ ಕಡೆ ಬೆಳಕು. ಹುಡುಗನಾಗಿದ್ದಾಗ ಝಳಕಿಯಲ್ಲಿ, ಹೆದ್ದಾರಿಯ ಪಕ್ಕದ ಕಿಟಕಿಯೇ ಇಲ್ಲದ ಖೋಲಿಯಲ್ಲಿ, ಅವನು ಪುಸ್ತಕ ಹಿಡಿದುಕೊಂಡು ಎದುರಿನ ಟಾಯರ್ ಅಂಗಡಿಯ ದೀಪದ ಕೆಳಗೆ ಕೂಡುತ್ತಿದ್ದ. ಅಂಗಡಿಯವನು ದೀಪ ಆರಿಸಿದರೆ ಇವನ ಅಭ್ಯಾಸವೂ ಅಷ್ಟಕ್ಕೇ. ಓದು ಹೆಚ್ಚು ದೂರ ಸಾಗಲಿಲ್ಲ. ಮಗಳಿಗೆ ಒಂದು ದೊಡ್ಡ ಕಿಟಕಿ ಕೊಡಬೇಕು ಎಂಬುದು ಅವಳು ಹುಟ್ಟಿದಂದಿನಿಂದ ಹೊಟ್ಟೆಯಲ್ಲಿ ಕೂತಿದ್ದ ಆಸೆ. ಅದನ್ನು ತಪ್ಪು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಲಕ್ಕವ್ವ ಮಾತ್ರ ಒಪ್ಪಲಿಲ್ಲ. "ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಹೊಲಿಸಿದಂಗ ಆತು. ಇಲ್ಲದ ಸಾಲಿಗೆ ಸನೇದು ಅಂತ ಮನಿ ಹಿಡಿಯೂದೇನ್ರಿ? ಸೈದಾಬಿ ಮನಿ ನೋಡ್ರಿ. ಗಂಟಿ ಹೊಡದ ಮ್ಯಾಲ ಜಡಿ ಹಾಕಿ ಕಳಿಸಿದ್ರೂ ಹುಡುಗಿ ಪ್ರಾರ್ಥನಾಕ್ಕ ನಿಂತಿರ್ತಾಳ."

"ಕತ್ತಲಗೂಡು ಅದು."

"ಕತ್ತಲಿದ್ರ ದೀಪ ಹಚ್ಚಬಹುದು. ದೂರಕ್ಕ ಏನ ಹಚ್ತೀರಿ?"

ಉತ್ತರವಿಲ್ಲದಾಗ ಗಂಡಸರು ಮಾಡುವುದನ್ನೇ ಬಸಂತರಾಯನೂ ಮಾಡಿದ. ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋದ. ಹೀಗೆಯೇ ಒಂದು ತಿಂಗಳು ಹೋಯಿತು. ಸೈದಾಬಿ ಅವಸರ ಮಾಡತೊಡಗಿದಳು, ಸಿದ್ದಲಿಂಗನೂ ಫೋನ್ ಮೇಲೆ ಫೋನ್ ಹಚ್ಚತೊಡಗಿದ. ಕೊನೆಗೆ ಲಕ್ಕವ್ವನೇ ಸೋತು, "ಈರಭದ್ರಗ ಹೂವು ಕೇಳೂಣು. ಅವ ಹೇಳಿದಂಗ ಆಗ್ಲಿ. ಆಮ್ಯಾಲ ನಾ ಒಂದ ಮಾತ ಆಡಂಗಿಲ್ಲ," ಎಂದಳು.

ಗಂಡಹೆಂಡಿರ ನಡುವೆ ಬಗೆಹರಿಯದ ಮಾತನ್ನು ದೇವರ ಹೆಗಲಿಗೆ ಹಾಕುವ ರೂಢಿ ಆ ಕಡೆ ಉಂಟು. ಪೂಜಾರಿ ಎರಡು ಹೂವುಗಳನ್ನು ನೀರಲ್ಲಿ ಅದ್ದಿ, ಮೂರ್ತಿಯ ಬಲ ಹೆಗಲಿಗೊಂದು, ಎಡ ಹೆಗಲಿಗೊಂದು ಅಂಟಿಸುತ್ತಾನೆ. ಕೇಳುವವರು ಕೈಮುಗಿದು ಮನಸ್ಸಿನೊಳಗೇ ಮಾತು ಕೇಳಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ದೇವರು ಹೂಂ ಅಂದ ಹಾಗೆ, ಎಡಗಡೆಯದು ಬಿದ್ದರೆ ಬೇಡ ಅಂದ ಹಾಗೆ. ಒಂದು ಮಾತನ್ನು ಒಂದೇ ಸಲ ಕೇಳಬೇಕು. ಬಂದ ಉತ್ತರ ಸೇರಲಿಲ್ಲವೆಂದು ತಿರುಗಿ ಕೇಳುವಂತಿಲ್ಲ. ಕೇಳಿ ಪಡೆದದ್ದನ್ನು ಮೀರುವಂತೆಯೂ ಇಲ್ಲ.

ಸೋಮವಾರ ಬೆಳಿಗ್ಗೆ ಮೂವರೂ ಗುಡಿಗೆ ಹೋದರು. ಪೂಜಾರಿ ಚನ್ನಬಸಯ್ಯ ಎರಡು ಕಣಗಲ ಹೂವು ಹಚ್ಚಿ, ಏನು ಕೇಳುವುದೆಂದು ವಿಚಾರಿಸಿದ. ಪ್ಲಾಟಿನಲ್ಲಿ ಮನೆ ಕಟ್ಟಿಸಲೋ ಬೇಡವೋ, ಇಷ್ಟೇ ಕೇಳುವುದೆಂದು ಠರಾವಾಯಿತು. ಲಕ್ಕವ್ವ ಕಣ್ಣು ಮುಚ್ಚಿ ನೆಲಕ್ಕೆ ಹಣೆ ಹಚ್ಚಿದಳು. ಕೊಡದಲ್ಲಿ ನೀರು ತೀರಿದ್ದು ನೋಡಿ ಚನ್ನಬಸಯ್ಯ ಹೊರಗಿನ ನಳದ ಕಡೆಗೆ ಹೋದ. ಬಸಂತರಾಯ ಹೊಸ್ತಿಲಲ್ಲಿ ನಿಂತು, ಬಲಗಡೆಯ ಹೂವನ್ನು ಎವೆ ಇಕ್ಕದೆ ನೋಡುತ್ತಿದ್ದ.

ಎಡಗಡೆಯದು ಬಿತ್ತು.

ಲಕ್ಕವ್ವ ಇನ್ನೂ ತಲೆ ಎತ್ತಿರಲಿಲ್ಲ. ಮಗಳು ಕಂಬದ ಹತ್ತಿರ ನಿಂತು ಮೇಲಿನ ಗಂಟೆ ನೋಡುತ್ತಿದ್ದ ಹಾಗಿತ್ತು. ಹೊರಗೆ ನಳದ ನೀರಿನ ಸದ್ದು. ಬಸಂತರಾಯ ಹೊಸ್ತಿಲ ಮೇಲಿಂದ ಕೈ ಚಾಚಿ, ಬಿದ್ದ ಹೂವನ್ನು ಎತ್ತಿಕೊಂಡು, ಅದರ ಬೆನ್ನಿಗೆ ಗಂಧ ಮೆತ್ತಿ, ಮೊದಲಿದ್ದಲ್ಲಿಯೇ ಒತ್ತಿ ಕೂಡಿಸಿದ. ತಾನೇನು ಮಾಡುತ್ತಿದ್ದೇನೆ ಎಂದು ತಲೆಗೆ ಹೊಳೆಯುವುದರೊಳಗೆ ಕೈ ಕೆಲಸ ಮುಗಿಸಿತ್ತು.

ಚನ್ನಬಸಯ್ಯ ಕೊಡ ಹೊತ್ತು ಒಳಗೆ ಬಂದ ಸ್ವಲ್ಪ ಹೊತ್ತಿಗೆ ಬಲಗಡೆಯ ಹೂವು ಬಿತ್ತು. ನೀರು ಆರಿದ ಮೇಲೆ ಬೀಳಲೇಬೇಕಲ್ಲ. "ಬಲಕ್ಕ ಕೊಟ್ಟಾನಪಾ ಬಸಂತರಾಯಾ. ಕಟ್ಟಸು ಮನಿ," ಎಂದು ಅಯ್ಯ ಆ ಹೂವನ್ನು ಲಕ್ಕವ್ವನ ಉಡಿಗೆ ಹಾಕಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗಾದೆ. ಇಲ್ಲಿ ದೇವರು ಒಲ್ಲೆನೆಂದ ವರವನ್ನು ಭಕ್ತನೇ ಕೈಹಾಕಿ ಎತ್ತಿಕೊಂಡ. ಪೂಜಾರಿ ಪಾಪ ನೀರಿಗೆ ಹೋಗಿದ್ದ.

ಲಕ್ಕವ್ವ ಆ ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಕೊಟ್ಟ ಮಾತಿನಂತೆ ಮುಂದೆ ಒಂದು ಮಾತೂ ಎತ್ತಲಿಲ್ಲ. ಗುಡಿಯಿಂದ ಬರುವಾಗ ದಾರಿಯುದ್ದಕ್ಕೂ ಬಸಂತರಾಯನೇ ಮಾತಾಡಿದ. "ದಾನೇಶಿ, ನಿನ್ನ ಖೋಲಿಗೆ ಎಂಥಾ ಕಿಡಕಿ ಇಡಿಸ್ತೇನಿ ನೋಡು. ಮುಂಜಾನೆ ಬಿಸಲು ಸೀದಾ ಪುಸ್ತಕದ ಮ್ಯಾಲ ಬೀಳಬೇಕು." ದಾನೇಶ್ವರಿ ಅವನ ಮುಖವನ್ನೇ ನೋಡುತ್ತ ನಡೆದಳು. ಹುಡುಗಿಗೂ ಹಿಗ್ಗಾಗಿದೆ ಎಂದುಕೊಂಡ.

ಮನೆ ಎದ್ದಿತು. ಹಾಲು ಉಕ್ಕಿಸಿ ಒಳಗೆ ಹೋದರು. ಕಿಟಕಿ ಹೇಳಿದಂತೆಯೇ ದೊಡ್ಡದು. ದಾನೇಶ್ವರಿ ಅದರ ಕಟ್ಟೆಯ ಮೇಲೆ ಹತ್ತಿ ಕಾಲು ಮಡಚಿ ಕೂಡುವಷ್ಟು. ಎದುರಿಗೇ ಶಾಲೆಯ ಜಾಗ. ಸಿದ್ದಲಿಂಗ ಅಲ್ಲಿ ಒಂದು ಬೋರ್ಡನ್ನೂ ನೆಡಿಸಿದ್ದ. ಅದರಲ್ಲಿ ಟೈ ಕಟ್ಟಿಕೊಂಡ ಇಬ್ಬರು ಮಕ್ಕಳು ನಗುತ್ತಿದ್ದರು. ಜೂನ್ ಬಂತು, ಹೋಯಿತು. ಸಿದ್ದಲಿಂಗನನ್ನು ಕೇಳಿದರೆ, ಶಾಲೆ ತೆರೆಯುವ ಸಂಸ್ಥೆಯವರು ಇನ್ನಷ್ಟು ಮನೆಗಳು ಏಳಲಿ, ಹುಡುಗರು ಆಗಲಿ ಎಂದು ಕಾಯುತ್ತಿದ್ದಾರೆ ಎಂದ. ಪ್ಲಾಟ್ ಹಿಡಿದವರು ಶಾಲೆ ಆಗಲಿ, ಆಮೇಲೆ ಕಟ್ಟೋಣ ಎಂದು ಕಾಯುತ್ತಿದ್ದರು. ಹೀಗೆ ಅವರಿಗಾಗಿ ಇವರು, ಇವರಿಗಾಗಿ ಅವರು ಕಾಯುತ್ತಿರುವಾಗ ಹಳದಿ ಜಾಗದಲ್ಲಿ ಜಾಲಿಕಂಟಿ ಮಾತ್ರ ಯಾರಿಗೂ ಕಾಯದೆ ಬೆಳೆಯಿತು. ಮುಂದಿನ ಜೂನಿನ ಹೊತ್ತಿಗೆ ಸಿದ್ದಲಿಂಗ ಫೋನ್ ಎತ್ತುವುದನ್ನೂ ಬಿಟ್ಟ.

ಹಾಗಾಗಿ ದಾನೇಶ್ವರಿ ಊರೊಳಗಿನ ಹಳೆಯ ಶಾಲೆಗೇ ಹೋಗಬೇಕಾಯಿತು. ಮೊದಲ ವರ್ಷ ಅದೇನೂ ಕಷ್ಟ ಅನ್ನಿಸಲಿಲ್ಲ. ಬಸಂತರಾಯ ಆಗ ಆಲಮೇಲದ ಬಸ್ಸನ್ನೇ ಹೊಡೆಯುತ್ತಿದ್ದ. ನಸುಕಿನಲ್ಲಿ ಹೋಗಿ, ಶಾಲೆಯ ಹೊತ್ತಿಗೆ ಸರಿಯಾಗಿ ಮರಳಿ ಬರುವ ಟ್ರಿಪ್ಪು. ಸಿರಿಸಂಪದ ನಗರದ ಕಮಾನಿಗೆ ಸ್ಟಾಪ್ ಇರಲಿಲ್ಲ. ಆದರೂ ಸ್ಟೇರಿಂಗ್ ಹಿಡಿದವನು ಅಪ್ಪನಾದರೆ ಬಸ್ಸು ನಿಲ್ಲುತ್ತದೆ. ಕಂಡಕ್ಟರ್ ಸರ್ಫರಾಜ ನಗುತ್ತ ಸೀಟಿ ಊದುವನು, ಹುಡುಗಿ ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಪುಸ್ತಕ ಬಿಚ್ಚುವಳು. ಬಸಂತರಾಯ ಮೇಲಿನ ಕನ್ನಡಿಯನ್ನು ಅವಳ ಮುಖ ಕಾಣುವಂತೆ ಸರಿಸಿಕೊಳ್ಳುವನು. ಸಂಜೆಯ ಬಸ್ಸಿನ ಡ್ರೈವರನೂ ಗೆಳೆಯನೇ, ನಿಲ್ಲಿಸಿ ಇಳಿಸುತ್ತಿದ್ದ. ಆ ಒಂದು ವರ್ಷ ಬಸಂತರಾಯ ಗುಡಿಯ ಮಾತನ್ನು ಮರೆತೇಬಿಟ್ಟಿದ್ದ. ಅಷ್ಟು ಸುಖದಿಂದ ಅವನು ಎಂದೂ ಬಸ್ ಹೊಡೆದಿರಲಿಲ್ಲ.

ಆದರೆ ಡಿಪೋದಲ್ಲಿ ರೂಟುಗಳು ಯಾರ ಸ್ವಂತದ್ದೂ ಅಲ್ಲ. ವರ್ಷ ತಿರುಗಿದಾಗ ಅವುಗಳನ್ನು ಹಂಚಿ ಹಾಕಿದರು. ಬಸಂತರಾಯ, ಸರ್ಫರಾಜ ಇಬ್ಬರಿಗೂ ಬಸವನ ಬಾಗೇವಾಡಿ ಮೇಲೆ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ಬಂತು, ಗೆಳೆಯ ಬೇರೆ ಡಿಪೋಕ್ಕೆ ಹೋದ. ಆಲಮೇಲದ ರೂಟಿಗೆ ಬಂದ ಹೊಸಬರು ಕಮಾನಿನ ಮುಂದೆ ಕೈ ಮಾಡಿ ನಿಂತ ಹುಡುಗಿಯನ್ನು ನೋಡಿ, ಮುಂದೆ ಸ್ಟಾಪಿಗೆ ಹೋಗು ಎಂದು ಕೈ ತಿರುವಿ ಸಾಗತೊಡಗಿದರು. ಬಸಂತರಾಯ ಅವರನ್ನು ಬೈಯುವುದಾದರೂ ಹೇಗೆ? ಸರ್ವಿಸಿನುದ್ದಕ್ಕೂ ಅವನೂ ಹೀಗೆಯೇ ಎಷ್ಟೋ ಮಕ್ಕಳಿಗೆ ಕೈ ತಿರುವಿದ್ದ. ಸ್ಟಾಪ್ ಇಲ್ಲದಲ್ಲಿ ನಿಲ್ಲಿಸಬಾರದು ಎಂಬುದು ನಿಯಮ, ಅವನು ನಿಯಮದ ಮನುಷ್ಯ ಎಂದು ಡಿಪೋದಲ್ಲಿ ಹೆಸರೂ ಇತ್ತು.

ಆಟೋದವರು ಒಬ್ಬಳೇ ಹುಡುಗಿಗಾಗಿ ಅಷ್ಟು ದೂರ ಬರಲು ಒಪ್ಪಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತಿತ್ತು. ಲಕ್ಕವ್ವ ಮಗಳ ಜೊತೆ ಟಾರ್ ರಸ್ತೆಯವರೆಗೆ ಹೋಗಿ, ಸ್ಕೂಟಿಯ ಮೇಲೆ ಹೋಗುವ ಹೆಣ್ಣುಮಕ್ಕಳಿಗೆ ಕೈ ಮಾಡಿ ಹತ್ತಿಸಿ ಕಳಿಸುವಳು. ಯಾರೂ ಸಿಗದ ದಿನ ಇಬ್ಬರೂ ಊರತನಕ ನಡೆಯುವರು. ದಾನೇಶ್ವರಿ ಪ್ರಾರ್ಥನೆ ಮುಗಿದ ಮೇಲೆ ಮುಟ್ಟಿ ಗೇಟಿನ ಹೊರಗೆ ನಿಲ್ಲತೊಡಗಿದಳು. ಸದಾ ಮೊದಲಿಗಳಾಗಿದ್ದವಳು ಆ ಸಲದ ಪರೀಕ್ಷೆಯಲ್ಲಿ ಬಹಳ ಹಿಂದೆ ಬಿದ್ದಳು. ಲಕ್ಕವ್ವ ಮಾತ್ರ ಒಂದು ದಿನವೂ ಗಂಡನನ್ನು ದೂರಲಿಲ್ಲ. "ದೇವರ ಕೊಟ್ಟ ಮನಿ," ಎನ್ನುವಳು, ಮಗಳ ಕಾಲಿನ ಕೆಸರು ತೊಳೆಯುತ್ತ. "ಅವ ಏನರ ನೋಡೇ ಕೊಟ್ಟಿರ್ತಾನ." ಆ ಮಾತು ಕೇಳಿದಾಗೆಲ್ಲ ಬಸಂತರಾಯ ಎದ್ದು ಹೊರಗೆ ಹೋಗುವನು. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದ.

ಕಬ್ಬಿನ ಹಂಗಾಮು ಬಂತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರಾಕ್ಟರುಗಳು ಹಗಲೂ ರಾತ್ರಿ ಆ ರಸ್ತೆಯಲ್ಲಿ ಓಡಾಡತೊಡಗಿದವು. ಅಂಥದರಲ್ಲಿ ಒಂದು ಸಂಜೆ ಬಸಂತರಾಯ ಡ್ಯೂಟಿ ಮುಗಿಸಿ ಬಂದಾಗ ಮನೆಯ ಬಾಗಿಲು ಹಾರುಹೊಡೆದಿತ್ತು, ಒಳಗೆ ಯಾರೂ ಇರಲಿಲ್ಲ. ಒಲೆಯ ಮೇಲೆ ಬೇಳೆ ತಳ ಹತ್ತಿತ್ತು. ರಸ್ತೆಗೆ ಓಡಿದ. ಕಮಾನಿನ ಹತ್ತಿರ ಲಕ್ಕವ್ವ ಎರಡೂ ಕೈ ತಲೆಯ ಮೇಲಿಟ್ಟು, ಹೋಗಿ ಬರುವ ಟ್ರಾಕ್ಟರುಗಳ ಬೆಳಕಿನಲ್ಲಿ ದಾರಿ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ, ಊರಿನ ಕಡೆಯಿಂದಲ್ಲ, ಆಲಮೇಲದ ಕಡೆಯಿಂದ, ರಸ್ತೆಯ ಅಂಚಿನ ಕಬ್ಬಿಗೆ ಮೈ ಒತ್ತಿಕೊಂಡು ದಾನೇಶ್ವರಿ ನಡೆದು ಬಂದಳು. ಒಂದು ಚಪ್ಪಲಿ ಕೈಯಲ್ಲಿತ್ತು.

ಹುಡುಗಿ ಅಳಲಿಲ್ಲ. "ಬಸ್ ನಿಂದ್ರಸ್ರಿ ಅಂದೆ. ಡ್ರೈವರ್ ಕಾಕಾ ಇಲ್ಲಿ ಸ್ಟಾಪ್ ಇಲ್ಲ ಅಂದ್ರು. ಮುಂದಿನ ಊರಾಗ ಇಳಿಸಿದ್ರು," ಎಂದಳು. ಅವಳು ಹೇಳಿದ ಧಾಟಿಯಲ್ಲಿ ಬಸಂತರಾಯನಿಗೆ ತನ್ನದೇ ದನಿ ಕೇಳಿಸಿತು.

ಮನೆಗೆ ಬಂದು ಮಗಳಿಗೆ ನೀರು ಕೊಟ್ಟು, ಲಕ್ಕವ್ವ ಗೋಡೆಗೆ ಒರಗಿ ಕೂತಳು. "ನಾಳಿ ನಮ್ಮಣ್ಣಗ ಫೋನ್ ಹಚ್ತೇನಿ. ಬರೋ ವರ್ಷದಿಂದ ಆಕಿ ಮುದ್ದೇಬಿಹಾಳದಾಗ ಇದ್ದು ಓದಲಿ. ಅವನ ಮನಿ ಹಿತ್ತಲದಾಗೇ ಹೈಸ್ಕೂಲ್ ಐತಿ."

ಲಕ್ಕವ್ವನ ಅಣ್ಣ ಭೀಮಶ್ಯಾ ಕೆಟ್ಟವನಲ್ಲ; ಆದರೆ ಅವನಿಗೆ ಪರಶು ಎಂಬ ಮಗನಿದ್ದ, ಮದುವೆಯ ವಯಸ್ಸಿಗೆ ಬರುತ್ತಿದ್ದ. ಸೋದರಮಾವನ ಮನೆಯಲ್ಲಿ ಉಂಡು ಬೆಳೆದ ಹುಡುಗಿಯನ್ನು ಆ ಮನೆಯ ಸೊಸೆಯೆಂದೇ ಜನ ಎಣಿಸುತ್ತಾರೆ. ಬೇರೆಯವರು ಕೇಳಲು ಬರುವುದಿಲ್ಲ, ಮಾವನ ಮನೆಯವರು ಬಿಟ್ಟುಕೊಡುವುದಿಲ್ಲ. ಇದು ಲಕ್ಕವ್ವನಿಗೆ ಗೊತ್ತಿಲ್ಲದ್ದಲ್ಲ.

"ಬ್ಯಾಡ," ಎಂದ. "ಹಳೇ ಓಣ್ಯಾಗ ಒಂದ ಖೋಲಿ ಬಾಡಿಗಿ ಹಿಡಿಯೂಣು. ಈ ಮನಿಗೆ ಕೀಲಿ ಹಾಕಿ ಮೂರೂ ಮಂದಿ ಅಲ್ಲೇ ಇರೂಣು. ಆಕಿ ಹತ್ತನೇದು ಮುಗೀಲಿ."

ಸೈದಾಬಿಯ ಮನೆಯಂತೂ ಯಾವಾಗಲೋ ಒಬ್ಬ ಟೇಲರನ ಪಾಲಾಗಿತ್ತು. ಆದರೆ ಬಾಡಿಗೆಗೆ ಖೋಲಿ ಸಿಗುತ್ತಿತ್ತು. ಬಸಂತರಾಯ ಒಂದೆರಡನ್ನು ನೋಡಿಯೂ ಬಂದಿದ್ದ.

ಲಕ್ಕವ್ವ ಎರಡೂ ಕೆನ್ನೆ ಮುಟ್ಟಿಕೊಂಡಳು. "ಏನಂತ ಮಾತಾಡ್ತೀರಿ? ಹೂವು ಕೇಳಿ ತೊಗೊಂಡ ಮನಿ. ಅದಕ್ಕ ಕೀಲಿ ಹಾಕಿ, ದೀಪ ತಪ್ಪಿಸಿ, ಬಾಡಿಗಿ ಖೋಲ್ಯಾಗ ಹೋಗಿ ಕೂಡೂದು? ಈರಭದ್ರನ ಮಾತು ಮೀರಿದವರು ಯಾರು ಉಳದಾರ? ಇರಾಕಿ ಒಬ್ಬಾಕಿ ಮಗಳು. ಆಕಿ ಎಲ್ಲರ ಇರಲಿ, ನೆಟ್ಟಗಿರಲಿ."

ಹೇಳಿಬಿಡಬಹುದಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವ ಕೊಟ್ಟಿಲ್ಲ, ನಾನೇ ಎತ್ತಿಕೊಂಡೆ ಎನ್ನುವ ಒಂದು ಮಾತು ಹೊರಬಿದ್ದಿದ್ದರೆ ಕೀಲಿ ಹಾಕಲು ಯಾವ ಅಡ್ಡಿಯೂ ಇರುತ್ತಿರಲಿಲ್ಲ. ಹೆಂಡತಿ ತನ್ನನ್ನು ಹೇಗೆ ನೋಡುತ್ತಾಳೋ ಎಂಬ ಅಂಜಿಕೆಗೆ ಬಸಂತರಾಯ ಆ ಮಾತನ್ನು ನುಂಗಿಕೊಂಡ. ಒಂದು ಹೂವನ್ನು ಮುಚ್ಚಿಡಲು ಮಗಳನ್ನೇ ಕಳಿಸಿಕೊಟ್ಟ ಎಂದರೆ ಹೆಚ್ಚಾಗಲಿಕ್ಕಿಲ್ಲ.

ಜೂನಿನಲ್ಲಿ ದಾನೇಶ್ವರಿಯನ್ನು ಅವನೇ ತನ್ನ ಬಸ್ಸಿನಲ್ಲಿ ಕೂಡಿಸಿಕೊಂಡು ಮುದ್ದೇಬಿಹಾಳಕ್ಕೆ ಬಿಟ್ಟು ಬಂದ. ಅವಳು ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತಳು. ಬಾಗೇವಾಡಿ ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದ. ಪುಸ್ತಕ ಮಡಿಲಲ್ಲಿತ್ತು, ಬಿಚ್ಚಿರಲಿಲ್ಲ.

ಅಂದಿನಿಂದ ಮಗಳು ಅವನಿಗೆ ಸಿಗುವುದು ಮುದ್ದೇಬಿಹಾಳ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸು ನಿಲ್ಲುವಷ್ಟು ಹೊತ್ತು. ಮಧ್ಯಾಹ್ನದ ಸೂಟಿಗೆ ಹುಡುಗಿ ಓಡುತ್ತ ಬರುವಳು. ಲಕ್ಕವ್ವ ಕಟ್ಟಿ ಕೊಟ್ಟ ಬುತ್ತಿಯನ್ನು, ಒಂದು ದಿನ ಶೇಂಗಾ ಹೋಳಿಗೆ, ಒಂದು ದಿನ ಖಟಕ ರೊಟ್ಟಿ ಕೆಂಪು ಖಾರ, ಬಸಂತರಾಯ ಕಿಟಕಿಯಿಂದ ಕೊಡುವನು. ಅವಳು ನಿಂತೇ ತಿನ್ನುವಳು. ಆರಾಮ ಇದ್ದೀಯಾ ಎಂದರೆ ಆರಾಮ ಎನ್ನುವಳು. ಓದಿನಲ್ಲಿ ಮತ್ತೆ ಮುಂದೆ ಬಂದಿದ್ದಳು. ಅದೊಂದೇ ಸಮಾಧಾನವೆಂದು ಬಸಂತರಾಯ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ನಾಗರ ಪಂಚಮಿ ಕಳೆದ ವಾರ ಹುಡುಗಿ ಬುತ್ತಿಗೆ ಕೈ ಚಾಚಿದಾಗ ಗಾಜಿನ ಸದ್ದಾಯಿತು. ಯೂನಿಫಾರ್ಮಿನ ತೋಳಿನ ಕೆಳಗೆ, ಎರಡೂ ಮುಂಗೈ ತುಂಬ ಹಸಿರು ಬಳೆ.

"ಯಾರು ಇಡಿಸಿದ್ರು?"

"ಅತ್ತಿ. ಪಂಚಮಿಗೆ ಅವರ ಬೀಗರು ಬಿಜ್ಜರು ಎಲ್ಲಾರೂ ಬಂದಿದ್ರು. ಬಳಿ ಇಡಿಸಿ, ಸೀರಿ ಉಡಿಸಿ ಉಡಿ ತುಂಬಿದ್ರು." ಅವಳು ಹೋಳಿಗೆಯನ್ನು ಮುರಿಯುತ್ತ ನಿಂತಳು, ಬಾಯಿಗೆ ಹಾಕಿಕೊಳ್ಳಲಿಲ್ಲ. "ಮಾವ ಹತ್ತನೇದು ಮುಗಸು ಅಂದಾನ. ಮುಂದಿಂದು ಮುಂದ ನೋಡೂಣು ಅಂದಾನ."

ಬಸಂತರಾಯನಿಗೆ ಎಲ್ಲ ತಿಳಿಯಿತು. ಬೀಗರ ಎದುರಿಗೆ ಉಡಿ ತುಂಬಿದರೆಂದರೆ ಪರಶುವಿಗೆ ಈ ಹೆಣ್ಣು ಎಂಬ ಮಾತು ಹೊರಗೆ ಬಿತ್ತು ಎಂದರ್ಥ. ಈ ಹುಡುಗಿ ಹತ್ತು ಮುಗಿಸಿ, ಇನ್ನೂ ಮುಂದೆ ಕಲಿತು, ತಾನು ಹೋಗಲಾಗದಷ್ಟು ದೂರ ಹೋಗಲಿ ಎಂದಲ್ಲವೇ ಅವನು ಅಷ್ಟು ದೊಡ್ಡ ಕಿಟಕಿ ಇಡಿಸಿದ್ದು! ಕಣ್ಣು ತುಂಬಿ ಬಂದವು. ಸ್ಟ್ಯಾಂಡಿನಲ್ಲಿ ಜನ ನೋಡಿಯಾರೆಂದು ಟವೆಲಿನಿಂದ ಮುಖ ಒರೆಸಿಕೊಂಡ.

"ನಾ ಬರೋ ಸೋಮವಾರ ಈರಭದ್ರನ ಗುಡಿಗೆ ಹೋಗ್ತೇನವ್ವಾ," ಎಂದ. "ನಿನ್ನ ಕರಕೊಂಡ ಬರ್ಲೇನು ಅಂತ ಹೂವು ಕೇಳ್ತೇನಿ. ಅವ ಬಲಕ್ಕ ಕೊಟ್ರ ನಿಮ್ಮವ್ವ ಏನೂ ಅನ್ನಂಗಿಲ್ಲ."

ದಾನೇಶ್ವರಿ ತಲೆ ತಗ್ಗಿಸಿ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತಿದ್ದಳು. ಆಮೇಲೆ ನಿಧಾನವಾಗಿ, "ಹೂವು ಕೇಳಬ್ಯಾಡಪಾ," ಎಂದಳು. "ಅವತ್ತ ಎಡಗಡೆದು ಬಿದ್ದದ್ದು ನಾ ನೋಡೇನಿ."

ಕಂಬದ ಹತ್ತಿರ ನಿಂತು ಗಂಟೆ ನೋಡುತ್ತಿದ್ದ ಸಣ್ಣ ಹುಡುಗಿ ಬಸಂತರಾಯನ ಕಣ್ಣ ಮುಂದೆ ಬಂದಳು. ದಾರಿಯುದ್ದಕ್ಕೂ ತನ್ನ ಮುಖವನ್ನೇ ನೋಡುತ್ತ ನಡೆದು ಬಂದದ್ದು ನೆನಪಾಯಿತು.

"ಮತ್ತ... ಯಾಕ ಹೇಳ್ಲಿಲ್ಲ? ಅವ್ವಗರ ಹೇಳಬೇಕಿಲ್ಲೋ?"

"ನೀ ಭಾಳ ಖುಷಿಲೆ ಇದ್ದಿ. ಕಿಡಕಿ ಇಡಿಸ್ತೇನಿ ಅಂದಿ. ನೀ ಹಂಗ ನಗೂದು ನಾ ನೋಡಿದ್ದಿಲ್ಲ." ಅವಳು ಬುತ್ತಿಯನ್ನು ಮತ್ತೆ ಗಂಟು ಕಟ್ಟಿದಳು. "ಆಮ್ಯಾಲ ಹೇಳಿದ್ರ ಅವ್ವ ನಿನ್ನ ಬೈತಿದ್ಲು. ಇರ್ಲಿ ಬಿಡಪಾ."

ಸರ್ಫರಾಜ ಹಿಂದಿನ ಬಾಗಿಲಿನಿಂದ ಸೀಟಿ ಊದಿದ. ಹೊತ್ತು ಮೀರಿತ್ತು. ಹುಡುಗಿ ಬುತ್ತಿಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದು ನಿಂತಳು, ಬಸ್ಸಿಗೆ ದಾರಿ ಬಿಟ್ಟು. ಹಿಂದೆ ತೆಗೆದುಕೊಳ್ಳುವಾಗ ಕನ್ನಡಿಯಲ್ಲಿ ಅವಳು ಒಂದು ಕ್ಷಣ ಕಂಡಳು, ಆಮೇಲೆ ಜನರಲ್ಲಿ ಬೆರೆತುಹೋದಳು. ಮರಳುವ ದಾರಿಯಲ್ಲಿ ಬಸಂತರಾಯ ಬಸ್ಸನ್ನು ಹೇಗೆ ಹೊಡೆದನೋ ಅವನಿಗೇ ತಿಳಿಯದು. ಬಾಗೇವಾಡಿಯ ಆಚೆ, ಸ್ಟಾಪ್ ಇಲ್ಲದ ಒಂದು ಹೊಲದ ಬದಿಗೆ, ಪಾಟೀಚೀಲ ಹಾಕಿಕೊಂಡ ಹುಡುಗಿಯರು ಕೈ ಮಾಡಿದರು. ನಿಲ್ಲಿಸಿದ. ಸರ್ಫರಾಜ ಬಾಗಿಲು ತೆಗೆದು ಹತ್ತಿಸಿಕೊಂಡ.

ಮನೆ ಮುಟ್ಟುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿತ್ತು. ಲಕ್ಕವ್ವ ದೇವರ ಗೂಡಿನ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಗೂಡಿನಲ್ಲಿ, ಈರಭದ್ರನ ಪಟದ ಕೆಳಗೆ, ಅಂದು ಉಡಿಗೆ ಬಿದ್ದ ಕಣಗಲ ಹೂವು ಒಣಗಿ ಕಪ್ಪಾಗಿ ಇನ್ನೂ ಇತ್ತು. ದಿನಾಲು ಅದಕ್ಕೂ ಕುಂಕುಮ ಏರಿಸುತ್ತಿದ್ದಳು.

"ಏನಂದ್ಲು ಕೂಸು?"

ಬಸಂತರಾಯ ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಹತ್ತಿರ ನೆಲದ ಮೇಲೆ ಕೂತ. ಹಸಿರು ಬಳೆಯ ಮಾತು ಹೇಳಿದ. ಉಡಿ ತುಂಬಿದ್ದು ಹೇಳಿದ. ಲಕ್ಕವ್ವನ ಕೈಯಲ್ಲಿ ಬತ್ತಿ ಹಾಗೇ ನಿಂತಿತು. ತನ್ನ ಅಣ್ಣನೇ ಹೀಗೆ, ತನ್ನನ್ನು ಒಂದು ಮಾತು ಕೇಳದೆ ಮಾಡಿದನಲ್ಲ ಎಂಬ ಸಂಕಟ ಮುಖದಲ್ಲಿ ಕಂಡಿತು. ಆದರೂ ಅವಳ ಬಾಯಿಗೆ ಬಂದದ್ದು ಅದೇ ಹಳೆಯ ಮಾತು. "ಏನ ಮಾಡೂದ್ರಿ. ಅವ ಕೊಟ್ಟ ಮನಿ. ಅವನ ಮನಸಿನ್ಯಾಗ ಹಂಗ ಇತ್ತೋ ಏನೋ."

"ಅವ ಕೊಟ್ಟಿಲ್ಲ," ಎಂದ ಬಸಂತರಾಯ.

ಲಕ್ಕವ್ವ ತಿರುಗಿ ನೋಡಿದಳು.

"ಅವ ಬ್ಯಾಡ ಅಂದಿದ್ದ, ಲಕ್ಕವ್ವಾ. ಎಡಗಡೆದು ಬಿದ್ದಿತ್ತು. ನೀ ಹಣಿ ಹಚ್ಚಿದ್ದಿ, ಅಯ್ಯ ನೀರಿಗೆ ಹೋಗಿದ್ದ. ನಾನೇ ಎತ್ತಿ ಗಂಧಾ ಮೆತ್ತಿ ಹಚ್ಚಿದೆ. ದಾನೇಶಿ ನೋಡ್ಯಾಳ. ಇಷ್ಟ ದಿನಾ ಹೊಟ್ಯಾಗ ಇಟಗೊಂಡಿದ್ಲು, ಇವತ್ತ ಹೇಳಿದ್ಲು."

ಲಕ್ಕವ್ವ ಬೈಯುತ್ತಾಳೆಂದು ತಲೆ ತಗ್ಗಿಸಿ ಕಾಯ್ದ. ಅವಳು ಬೈಯಲಿಲ್ಲ. ಗೂಡಿನಲ್ಲಿದ್ದ ಒಣಗಿದ ಹೂವನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಆಮೇಲೆ ಬಾಗಿಲು ನೋಡಿದಳು, ಮಗಳ ಖೋಲಿ ನೋಡಿದಳು, ಆ ದೊಡ್ಡ ಕಿಟಕಿ ನೋಡಿದಳು. ಹೊರಗೆ ಹಳದಿ ಜಾಗದಲ್ಲಿ, ನಗುವ ಮಕ್ಕಳ ಬೋರ್ಡಿನ ಕೆಳಗೆ, ಯಾರದೋ ಆಡುಗಳು ಜಾಲಿಕಾಯಿ ಮೇಯುತ್ತಿದ್ದವು. ಕೆಸರಿನಲ್ಲಿ ನಡೆದಾಗ, ಕತ್ತಲಲ್ಲಿ ರಸ್ತೆ ಕಾಯ್ದಾಗ, ಮಗಳನ್ನು ಕಳಿಸಿಕೊಟ್ಟಾಗ ಕೂಡ ಅಳದಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅತ್ತು ಅತ್ತು ಸುಮ್ಮನಾದ ಮೇಲೆ ಅವಳು ಆಡಿದ್ದು ಒಂದೇ ಮಾತು.

"ಹಂಗಾದ್ರ ಅವತ್ತ ಈ ಮನಿಗೆ ಕೀಲಿ ಹಾಕಬಹುದಿತ್ತಲ್ರೀ."